ಒತ್ತಿದಷ್ಟೂ ನಿಲ್ಲುವ ಹರಿವು: ಕಿರಿದಾದ ಬಾಯಲ್ಲಿ ಕಣಗಳು ಸಿಕ್ಕಿಕೊಳ್ಳುವುದೇಕೆ?

ವಿಜ್ಞಾನದ ಸುದ್ದಿಗಳನ್ನು ಓದುವವರನ್ನು ಕೆಲವು ವರ್ಷಗಳಿಂದ ಒಂದು ಬಗೆಯ ವರದಿಗಳು ಗೊಂದಲಕ್ಕೆ ಕೆಡವುತ್ತಿವೆ. ಕಣಗಳು ತುಂಬಿದ ದ್ರವವನ್ನು ಮೆಲ್ಲಗೆ ತಳ್ಳಿದರೆ ಹರಿಯುತ್ತದೆ, ಜೋರಾಗಿ ತಳ್ಳಿದರೆ ನಿಂತುಬಿಡುತ್ತದೆ ಎಂದು ಒಂದು ವರದಿ ಹೇಳುತ್ತದೆ. ಹೊರದಾರಿಯ ಮುಂದೆ ಬೇಕೆಂದೇ ಒಂದು ಕಂಬ ನಿಲ್ಲಿಸಿದರೆ ಹರಿವು ಸುಧಾರಿಸುತ್ತದೆ ಎನ್ನುತ್ತದೆ ಇನ್ನೊಂದು. ಅದೇ ಕಂಬದಿಂದ ಏನೂ ಲಾಭವಿಲ್ಲ ಎನ್ನುವ ಮೂರನೆಯ ವರದಿ ಬರುವಷ್ಟರಲ್ಲಿ, ವಿಜ್ಞಾನಿಗಳಿಗೇ ಒಮ್ಮತವಿಲ್ಲವೇನೋ ಎಂಬ ಅನುಮಾನ ಹುಟ್ಟುವುದು ಸಹಜ.

ಒಮ್ಮತದ ಕೊರತೆ ಇರುವುದು ನಿಜವಾದರೂ ಗೊಂದಲಕ್ಕೆ ಅದೇ ಮುಖ್ಯ ಕಾರಣವಲ್ಲ. ಬಾಯಿ ಕಟ್ಟಿಕೊಂಡಿತು ಎಂಬ ಒಂದೇ ಮಾತಿನ ಅಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ವಿದ್ಯಮಾನಗಳು ಅಡಗಿದ್ದು, ಸುದ್ದಿಗಳು ಅವುಗಳನ್ನು ಬಿಡಿಸಿ ಹೇಳುವುದಿಲ್ಲ. ಕಾಂಕ್ರೀಟ್ ಪಂಪ್ ಮಾಡುವವರಿಗೂ, ಗಣಿಯ ತ್ಯಾಜ್ಯವನ್ನು ಸಾಗಿಸುವವರಿಗೂ, ಮೂಳೆಗೆ ಸಿಮೆಂಟ್ ಚುಚ್ಚುವ ಶಸ್ತ್ರವೈದ್ಯರಿಗೂ ಈ ಮೂರರ ವ್ಯತ್ಯಾಸ ತಿಳಿದಿರಬೇಕು. ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಉಲ್ಬಣಿಸಬಹುದು.

ಗಟ್ಟಿತನದ ಲೆಕ್ಕ

ದ್ರವದಲ್ಲಿ ಕರಗದ ಘನ ಕಣಗಳು ತೇಲಾಡುತ್ತಿರುವ ಮಿಶ್ರಣವನ್ನು ನಿಲಂಬನ ಎನ್ನುತ್ತಾರೆ. ಬಣ್ಣ, ಕೆಸರು, ಗಾರೆ, ಕಾರ್ಖಾನೆಗಳ ಸ್ಲರಿ (ಪುಡಿ ಕಲಸಿದ ದಟ್ಟ ದ್ರವ), ರಕ್ತ ಎಲ್ಲವೂ ಈ ಗುಂಪಿಗೇ ಸೇರುತ್ತವೆ. ಕಣಗಳು ವಿರಳವಾಗಿದ್ದಾಗ ಲೆಕ್ಕ ಸುಲಭ. ಶುದ್ಧ ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ಪ್ರತಿರೋಧ, ಕಣಗಳ ಪಾಲು ಶೇ 1ರಷ್ಟು ಏರಿದಾಗ ಶೇ 2.5ರಷ್ಟು ಏರುತ್ತದೆ ಎಂದು ತೋರಿಸಿದವರು ಐನ್‌ಸ್ಟೈನ್. ಅವರ ಮೊದಲ ಲೆಕ್ಕದಲ್ಲಿ ಆ 2.5ರ ಜಾಗದಲ್ಲಿ 1 ಇತ್ತು. ಬ್ಯಾನ್ಸಲೆ ಎಂಬ ಫ್ರೆಂಚ್ ಪ್ರಯೋಗಕಾರನ ಅಳತೆಗಳು ಅದಕ್ಕೆ ಹೊಂದದೆ ಹೋದಾಗ ಲೆಕ್ಕವನ್ನು ಮರುಪರಿಶೀಲಿಸಲಾಯಿತು. ಲುಡ್ವಿಗ್ ಹಾಪ್ಫ್ ತಪ್ಪನ್ನು ಪತ್ತೆ ಮಾಡಿದರು, 1911ರಲ್ಲಿ ತಿದ್ದುಪಡಿ ಪ್ರಕಟವಾಯಿತು. ಐನ್‌ಸ್ಟೈನರಿಗೂ ಕೂಡಿಸಿ ಕಳೆಯುವಲ್ಲಿ ಎಡವಟ್ಟಾಗಿತ್ತು ಎಂಬುದು ಈ ವಿಷಯದ ಇತಿಹಾಸದಲ್ಲಿರುವ ಒಂದು ಸಣ್ಣ ಸಮಾಧಾನ.

ಕಣಗಳು ದಟ್ಟವಾದಂತೆ ಈ ಸರಳ ಸೂತ್ರ ಕೈಕೊಡುತ್ತದೆ. ಅದರ ಪ್ರಕಾರ ಒಟ್ಟು ಘನ ಅಳತೆಯ ಶೇ 40 ಭಾಗ ಕಣಗಳಿದ್ದರೆ ಸ್ನಿಗ್ಧತೆ ಎರಡು ಪಟ್ಟಾಗಬೇಕು. ವಾಸ್ತವದಲ್ಲಿ ಅದು ಐದರಿಂದ ಹತ್ತು ಪಟ್ಟಿನ ಆಸುಪಾಸಿಗೆ ಏರುತ್ತದೆ. ಶೇ 55ರ ಹೊತ್ತಿಗೆ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು. ಏಕೆಂದರೆ ಒಂದೇ ಗಾತ್ರದ ಗುಂಡುಗಳನ್ನು ಹೇಗೆಂದರೆ ಹಾಗೆ ಸುರಿದು ಎಷ್ಟೇ ಅಲುಗಾಡಿಸಿದರೂ ಅವು ಜಾಗದ ಸುಮಾರು ಶೇ 64 ಭಾಗವನ್ನು ಮಾತ್ರ ತುಂಬಬಲ್ಲವು. ಆ ಮಿತಿಯತ್ತ ಹೋದಂತೆ ಕಣಗಳಿಗೆ ಸರಿದಾಡಲು ಎಡೆಯೇ ಉಳಿಯುವುದಿಲ್ಲ. ಸ್ಥೂಲವಾಗಿ ಲೆಕ್ಕ ಹಾಕಿದರೆ, ಕಣಗಳ ಪಾಲು ಶೇ 20 ಇದ್ದಾಗ ಅಕ್ಕಪಕ್ಕದ ಎರಡು ಕಣಗಳ ನಡುವಿನ ಸಂದು ಕಣದ ವ್ಯಾಸದ ಅರ್ಧದಷ್ಟಿರುತ್ತದೆ. ಶೇ 55ಕ್ಕೆ ಅದು ವ್ಯಾಸದ ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ಕಿರಿದಾದ ಸಂದಿನಿಂದ ದ್ರವವನ್ನು ಹಿಂಡಿ ಹೊರಹಾಕದೆ ಕಣಗಳು ಒಂದನ್ನೊಂದು ದಾಟಲಾರವು. ಮುಂದೆ ಬರುವ ಎಲ್ಲ ತೊಡಕುಗಳ ಮೂಲ ಈ ಸಂದಿನಲ್ಲಿದೆ.

ಬಾಯಲ್ಲಿ ಕಟ್ಟುವ ಕಮಾನು

ಮೊದಲನೆಯ ವಿದ್ಯಮಾನವೆಂದರೆ ಕಮಾನು. ಹೊರದಾರಿ ಕಣಕ್ಕಿಂತ ದೊಡ್ಡದಾಗಿದ್ದರೂ ನಾಲ್ಕಾರು ಕಣಗಳು ಒಂದೇ ಕ್ಷಣದಲ್ಲಿ ಅಲ್ಲಿಗೆ ಬಂದು, ಒಂದಕ್ಕೊಂದು ಹೆಗಲುಕೊಟ್ಟು ನಿಂತರೆ ಕಲ್ಲಿನ ಸೇತುವೆಯ ಕಮಾನಿನಂತೆಯೇ ಮೇಲಿನ ಭಾರವನ್ನೆಲ್ಲ ಬದಿಗೋಡೆಗಳಿಗೆ ದಾಟಿಸುತ್ತವೆ. ಮೇಲಿನಿಂದ ಒತ್ತಡ ಹೆಚ್ಚಿದಂತೆ ಕಮಾನಿನ ಕಲ್ಲುಗಳು ಇನ್ನಷ್ಟು ಬಿಗಿಯಾಗುತ್ತವೆ. ಕಟ್ಟಿಕೊಂಡ ಬಾಯಿಯನ್ನು ಹೆಚ್ಚಿನ ಒತ್ತಡದಿಂದ ಬಿಡಿಸಲು ಹೊರಟವರು ಸೋಲುವುದು ಇದೇ ಕಾರಣಕ್ಕೆ.

ಒಣ ಕಣಗಳಲ್ಲಿ ಈ ಗುಣ ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಧಾನ್ಯ ತುಂಬಿದ ಎತ್ತರದ ಕಣಜದಲ್ಲಿ ತಳದ ಮೇಲಿನ ಒತ್ತಡ ಒಂದು ಹಂತದ ನಂತರ ಏರುವುದೇ ಇಲ್ಲ, ಉಳಿದ ಭಾರವನ್ನು ಘರ್ಷಣೆಯ ಮೂಲಕ ಗೋಡೆಗಳೇ ಹೊರುತ್ತವೆ ಎಂದು ಜರ್ಮನಿಯ ಯಾನ್ಸೆನ್ 1895ರಲ್ಲಿ ವಿವರಿಸಿದರು. ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿದಂತೆ ನಲ್ಲಿಯ ಧಾರೆ ಸಣ್ಣಗಾಗುತ್ತದೆ. ಮರಳು ಗಡಿಯಾರದ ಧಾರೆ ಹಾಗಾಗುವುದಿಲ್ಲ. ಬೆವರ್‌ಲೂ ಮತ್ತು ಸಂಗಡಿಗರು 1961ರಲ್ಲಿ ಕೊಟ್ಟ ಸೂತ್ರದಂತೆ ಧಾರೆಯ ಪ್ರಮಾಣವನ್ನು ನಿರ್ಧರಿಸುವುದು ಬಾಯಿಯ ಅಗಲ ಮಾತ್ರ, ಅದೂ ಎರಡೂವರೆಯ ಘಾತದಲ್ಲಿ: ಬಾಯಿ ಎರಡು ಪಟ್ಟಾದರೆ ಧಾರೆ ಐದೂವರೆ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ.

ಅದೇ ಮರಳು ಗಡಿಯಾರವನ್ನು ನೀರಿನಲ್ಲಿ ಮುಳುಗಿಸಿದರೆ ಚಿತ್ರ ಬದಲಾಗುತ್ತದೆ. ಬೀಳುವ ಕಣಗಳು ತಮ್ಮ ಜೊತೆ ನೀರನ್ನೂ ಎಳೆದೊಯ್ಯುತ್ತವೆ. ಮೇಲಿನ ಕಣರಾಶಿ ತೆಳುವಾಗುತ್ತ ಬಂದಂತೆ ನೀರು ಅದರ ಮೂಲಕ ನುಗ್ಗುವುದು ಸುಲಭವಾಗಿ, ಧಾರೆ ಕೊನೆಯಲ್ಲಿ ಚುರುಕಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗಗಳು ಇದನ್ನು 2017ರ ಹೊತ್ತಿಗೆ ಸ್ಪಷ್ಟವಾಗಿ ತೋರಿಸಿದವು. ದ್ರವವೆಂದರೆ ಕಣಗಳ ನಡುವೆ ಸುಮ್ಮನೆ ತುಂಬಿಕೊಂಡಿರುವ ವಸ್ತುವಲ್ಲ, ಅದೂ ಎಳೆದಾಟದ ಒಂದು ಪಕ್ಷ ಎಂಬುದಕ್ಕೆ ಇಷ್ಟು ಅಗ್ಗದ ಸಾಕ್ಷಿ ಬೇರೆ ಸಿಗಲಾರದು.

ಸುರಕ್ಷಿತ ಅಳತೆ ಎಂಬುದಿದೆಯೇ?

ಬಾಯಿ ಎಷ್ಟು ಅಗಲವಿದ್ದರೆ ಎಂದೂ ಕಟ್ಟಿಕೊಳ್ಳುವುದಿಲ್ಲ? ವಿನ್ಯಾಸಕಾರರು ಮೊದಲು ಕೇಳುವ ಈ ಪ್ರಶ್ನೆಯ ಮೇಲೆಯೇ ಸಂಶೋಧಕರು ಎರಡು ಪಾಳಯವಾಗಿದ್ದಾರೆ. ಒಣ ಗುಂಡುಗಳನ್ನು ಬಳಸಿದ ಸ್ಪೇನಿನ ನವಾರ್ರಾ ವಿಶ್ವವಿದ್ಯಾಲಯದ ತಂಡ, ಬಾಯಿಯ ವ್ಯಾಸ ಕಣದ ವ್ಯಾಸದ ಸುಮಾರು 5 ಪಟ್ಟು ತಲುಪುತ್ತಿದ್ದಂತೆ ಎರಡು ತಡೆಗಳ ನಡುವೆ ಹೊರಬೀಳುವ ಕಣಗಳ ಸರಾಸರಿ ಸಂಖ್ಯೆ ಅನಂತದತ್ತ ಏರುವುದನ್ನು 2005ರಲ್ಲಿ ವರದಿ ಮಾಡಿತು. ಇದು ನಿಜವಾದರೆ ಒಂದು ಖಚಿತ ಗಡಿಯಿದೆ, ಅದರಾಚೆ ನಿಶ್ಚಿಂತೆ. ಆದರೆ ಪೆನ್ಸಿಲ್ವೇನಿಯಾದ ಥಾಮಸ್ ಮತ್ತು ಡುರಿಯನ್ 2015ರಲ್ಲಿ ಮಂಡಿಸಿದ ವಾದ ಬೇರೆ. ಬಾಯಿಯ ಬಳಿ ಪ್ರತಿ ಕ್ಷಣವೂ ಕಣಗಳ ಒಂದು ಹೊಸ ಜೋಡಣೆ ರೂಪುಗೊಳ್ಳುತ್ತದೆ; ಅವುಗಳಲ್ಲಿ ಕೆಲವು ಕಮಾನಾಗಬಲ್ಲ ಜೋಡಣೆಗಳು. ಬಾಯಿ ಅಗಲವಾದಂತೆ ಅಂಥವುಗಳ ಪಾಲು ವಿಪರೀತ ವೇಗದಲ್ಲಿ ಕುಗ್ಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ.

ಇದು ಬರೀ ಪಾಂಡಿತ್ಯದ ಜಗಳವೆನಿಸಬಹುದು. ಪ್ರಯೋಗಾಲಯದಲ್ಲಿ ಒಂದು ವಾರ ಕಾದರೂ ಕಟ್ಟಿಕೊಳ್ಳದ ಬಾಯಿ, ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಕಟ್ಟಿಕೊಳ್ಳುವ ಸಾಧ್ಯತೆ ಇದೆಯೋ ಇಲ್ಲವೋ ಎಂದು ಕೇಳಿದಾಗ ಅದರ ತೂಕ ತಿಳಿಯುತ್ತದೆ. ಎರಡನೆಯ ವಾದವೇ ಹೆಚ್ಚು ಗಟ್ಟಿಯೆಂದು ತೋರುತ್ತದೆ. ಖಚಿತ ಗಡಿಯಂತೆ ಕಾಣುವುದು ನಮ್ಮ ತಾಳ್ಮೆಯ ಗಡಿ ಮಾತ್ರ ಎಂದು ಒಪ್ಪಿಕೊಂಡರೆ, ಎಷ್ಟು ದೊಡ್ಡ ಬಾಯಿ ಬೇಕು ಎನ್ನುವ ಪ್ರಶ್ನೆಯೇ ಬದಲಾಗಿ, ಎಷ್ಟು ಕಾಲಕ್ಕೊಮ್ಮೆ ತಡೆ ಬಂದರೆ ಸಹಿಸಬಹುದು ಎಂದಾಗುತ್ತದೆ.

ಸೂಕ್ಷ್ಮ ಕೊಳವೆಗಳಲ್ಲಿ ಕಣಗಳು ವಿರಳವಾಗಿದ್ದಾಗಲೂ ಇದೇ ಬಗೆಯ ಸಂಗತಿಯೊಂದು ಕಂಡಿದೆ. ಒಂದು ರಂಧ್ರ ಮುಚ್ಚಿಹೋಗುವುದು ಇಷ್ಟು ನಿಮಿಷಗಳ ನಂತರವೆಂದಲ್ಲ, ಇಷ್ಟು ಕಣಗಳು ಅದರ ಮೂಲಕ ಹಾದುಹೋದ ನಂತರ. ವೇಗವನ್ನಾಗಲಿ ಒತ್ತಡವನ್ನಾಗಲಿ ಬದಲಾಯಿಸಿದರೂ ಆ ಎಣಿಕೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅಲ್ಲಿ ಮುಚ್ಚುವುದು ಕಮಾನಿನಿಂದಲ್ಲ, ಕಣಗಳು ಒಂದೊಂದಾಗಿ ಗೋಡೆಗೆ ಅಂಟುವುದರಿಂದ.

ನೀರು ಮುಂದೆ, ಕಣ ಹಿಂದೆ

ಎರಡನೆಯ ವಿದ್ಯಮಾನ ದಟ್ಟ ನಿಲಂಬನಗಳಿಗೇ ವಿಶಿಷ್ಟವಾದದ್ದು. ಸುದ್ದಿಗಳಲ್ಲಿ ಇದರ ಪ್ರಸ್ತಾಪವೇ ಕಡಿಮೆ, ಕೆಲಸದ ಜಾಗದಲ್ಲಿ ಮಾತ್ರ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ದಟ್ಟವಾದ ಸ್ಲರಿಯನ್ನು ಸಿರಿಂಜಿನಲ್ಲಿ ತುಂಬಿ ಒತ್ತಿದಾಗ ಮೊದಲು ಹೊರಬರುವುದು ಒಳಗಿರುವುದಕ್ಕಿಂತ ತೆಳುವಾದ ಮಿಶ್ರಣ. ಕಿರಿದಾದ ಮೂತಿಯಲ್ಲಿ ಕಣಗಳು ಒಂದು ಕ್ಷಣ ತಡೆದು ನಿಂತರೂ ದ್ರವಕ್ಕೆ ಅವುಗಳ ಸಂದುಗಳಲ್ಲಿ ದಾರಿ ಇದ್ದೇ ಇರುತ್ತದೆ. ದ್ರವ ಸೋಸಿ ಮುಂದೆ ಹೋಗುತ್ತದೆ, ಹಿಂದೆ ಉಳಿದದ್ದು ಇನ್ನಷ್ಟು ದಟ್ಟವಾಗುತ್ತದೆ. ದಟ್ಟವಾದಂತೆ ಮುಂದಿನ ತಡೆ ಇನ್ನೂ ಬೇಗ ಬರುತ್ತದೆ. ನಿಲಂಬನ ತನಗೆ ತಾನೇ ಜರಡಿಯಾಗುವ ಈ ಕ್ರಿಯೆಯನ್ನು ಮಾರ್ಕ್ ಹಾ 2004ರಲ್ಲಿ, ಸೂಕ್ಷ್ಮ ಪ್ಲಾಸ್ಟಿಕ್ ಗುಂಡುಗಳ ನಿಲಂಬನವನ್ನು ಕಿರಿದಾದ ದಾರಿಯಲ್ಲಿ ಸೆಳೆದು ಅಳೆದು ತೋರಿಸಿದರು: ಹೊರಬಂದ ದ್ರವದಲ್ಲಿ ಕಣಗಳ ಪಾಲು ಮೂಲ ಮಿಶ್ರಣಕ್ಕಿಂತ ಕಡಿಮೆಯಿತ್ತು.

ಇಲ್ಲಿ ವೇಗದ ಪಾತ್ರ ತಿರುವುಮುರುವು. ಬಹಳ ನಿಧಾನವಾಗಿ ಒತ್ತಿದರೆ ದ್ರವಕ್ಕೆ ಕಣಗಳನ್ನು ಬಿಟ್ಟುಹೋಗಲು ಸಮಯ ಸಿಗುತ್ತದೆ. ಸಾಕಷ್ಟು ವೇಗವಾಗಿ ಒತ್ತಿದರೆ ಎರಡೂ ಕೂಡಿಯೇ ಹೊರಬರುತ್ತವೆ. ಹಾಗಾಗಿ ಮೆಲ್ಲಗೆ ಒತ್ತಿ ಎಂಬ ಸಲಹೆ ಎಲ್ಲ ಕಾಲಕ್ಕೂ ಸರಿಯಲ್ಲ.

ಮುರಿದ ಮೂಳೆಯ ಒಳಗೆ ತುಂಬುವ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟಿನ ತಲೆನೋವು ಇದೇ. ಸೂಜಿಯಿಂದ ದ್ರವ ಬರುತ್ತದೆ, ಪುಡಿ ಸಿರಿಂಜಿನಲ್ಲೇ ಗಟ್ಟಿ ಬಿಲ್ಲೆಯಾಗಿ ಕೂರುತ್ತದೆ. ಹೆಬ್ಬೆರಳಿನ ಬಲ ಹೆಚ್ಚಿಸಿದಷ್ಟೂ ಬಿಲ್ಲೆ ಬಿಗಿಯಾಗುತ್ತದೆ. ಕಾಂಕ್ರೀಟ್ ಪಂಪಿನಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ. ಕೊಳವೆಯ ಗೋಡೆಯ ಉದ್ದಕ್ಕೂ ಸಿಮೆಂಟಿನ ತೆಳು ಹಾಲು ಜಾರುಪದರವಾಗಿ ನಿಂತಿರುವವರೆಗೆ ಕಾಂಕ್ರೀಟ್ ಸಾಗುತ್ತದೆ. ಬಾಗುಗಳಲ್ಲೋ, ಕೊಳವೆ ಕಿರಿದಾಗುವ ಜಾಗದಲ್ಲೋ ಆ ಹಾಲು ಜಲ್ಲಿಯನ್ನು ಬಿಟ್ಟು ಮುಂದಕ್ಕೆ ಸೋರಿಹೋದರೆ, ಒಣ ಜಲ್ಲಿಯ ಬಿರಡೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಡೆದ ಜಲ್ಲಿಯ ಗರಿಷ್ಠ ಗಾತ್ರ ಕೊಳವೆಯ ಒಳವ್ಯಾಸದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬ ಕಟ್ಟುನಿಟ್ಟು ಬಂದಿರುವುದು ಕಮಾನಿನ ಭಯದಿಂದ. ಮರಳು ಮತ್ತು ನುಣುಪು ಪುಡಿಯ ಪ್ರಮಾಣದ ಬಗ್ಗೆ ಇರುವ ಎಚ್ಚರಿಕೆಗಳು ಈ ಸೋಸುವಿಕೆಯ ಭಯದಿಂದ ಬಂದವು. ಬಿರಡೆಯ ಸುಳಿವು ಸಿಕ್ಕ ಕೂಡಲೇ ಅನುಭವಿ ಪಂಪ್ ಚಾಲಕರು ಒತ್ತಡ ಏರಿಸುವುದಿಲ್ಲ. ಪಂಪನ್ನು ಕೆಲವು ಹೊಡೆತಗಳಷ್ಟು ಹಿಂದಕ್ಕೆ ತಿರುಗಿಸಿ, ಮಿಶ್ರಣವನ್ನು ಹಿಂದೆಳೆದು, ಮತ್ತೆ ಕಲಸಿ ಕಳಿಸುತ್ತಾರೆ.

ಒತ್ತಿದರೆ ಕಲ್ಲಾಗುವುದು

ಮೂರನೆಯದು ಸುದ್ದಿಗಳ ಅಚ್ಚುಮೆಚ್ಚಿನ ವಿಷಯ. ಜೋಳದ ಪಿಷ್ಟವನ್ನು ನೀರಿನಲ್ಲಿ ದಟ್ಟವಾಗಿ ಕಲಸಿದಾಗ, ಬೆರಳನ್ನು ಮೆಲ್ಲಗೆ ಇಳಿಸಿದರೆ ಇಳಿಯುತ್ತದೆ, ಗುದ್ದಿದರೆ ಗೋಡೆಗೆ ಗುದ್ದಿದಂತಾಗುತ್ತದೆ. ಬಾಯಿಯೇ ಇರಲಿ, ಬಯಲೇ ಇರಲಿ, ಮಿಶ್ರಣದ ಪದರಗಳು ಒಂದರ ಮೇಲೊಂದು ಜಾರುವ ವೇಗ ಹೆಚ್ಚಿದಾಗ ಸ್ನಿಗ್ಧತೆ ಹಠಾತ್ತನೆ ಜಿಗಿಯುತ್ತದೆ. ಕಿರಿದಾದ ದಾರಿಯಲ್ಲಿ ಹರಿವು ವೇಗ ಪಡೆಯಲೇಬೇಕಾದ್ದರಿಂದ ಈ ಜಿಗಿತ ಅಲ್ಲಿಯೇ ಮೊದಲು ಸಂಭವಿಸುತ್ತದೆ.

ಏಕೆ ಎಂಬುದರ ಬಗ್ಗೆ ದಶಕಗಳ ಕಾಲ ಎರಡು ವಿವರಣೆಗಳು ಎದುರುಬದುರಾಗಿದ್ದವು. 1980ರ ದಶಕದಿಂದ ಪ್ರಬಲವಾಗಿದ್ದ ಮೊದಲನೆಯದರ ಪ್ರಕಾರ ವೇಗ ಹೆಚ್ಚಿದಾಗ ಕಣಗಳು ಗುಂಪುಗುಂಪಾಗಿ ಹತ್ತಿರ ಬರುತ್ತವೆ. ಅವುಗಳ ನಡುವೆ ಸಿಕ್ಕಿಕೊಂಡ ತೆಳು ದ್ರವಪದರದಿಂದ ಪ್ರತಿರೋಧ ಹುಟ್ಟುತ್ತದೆ, ಕಣಗಳು ಮಾತ್ರ ಒಂದನ್ನೊಂದು ಮುಟ್ಟುವುದಿಲ್ಲ. ಎರಡನೆಯದರ ಪ್ರಕಾರ ಅವು ಮುಟ್ಟುತ್ತವೆ. ಸಾಮಾನ್ಯವಾಗಿ ಕಣಗಳ ಮೇಲ್ಮೈಯಲ್ಲಿ ಪರಸ್ಪರ ದೂರವಿಡುವ ಸಣ್ಣ ವಿಕರ್ಷಣೆ ಇರುತ್ತದೆ. ಒತ್ತಡ ಅದನ್ನು ಮೀರಿದಾಗ ದ್ರವಪದರ ಹರಿದು, ಮೇಲ್ಮೈಗಳು ತಾಕಿ, ಜಾರುತ್ತಿದ್ದ ಕಣಗಳು ಘರ್ಷಣೆಯಿಂದ ಕಚ್ಚಿಕೊಳ್ಳುತ್ತವೆ. 2013ರ ಕಂಪ್ಯೂಟರ್ ಅನುಕರಣೆಗಳು ಮತ್ತು 2014ರಲ್ಲಿ ವೈಯಾರ್ ಹಾಗೂ ಕೇಟ್ಸ್ ರೂಪಿಸಿದ ಸರಳ ಸಿದ್ಧಾಂತ ಈ ಎರಡನೆಯ ವಿವರಣೆಗೆ ಬಲ ತುಂಬಿದವು.

ತೀರ್ಪಿನತ್ತ ಕರೆದೊಯ್ದ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡುವುದು ಲೇಸು. ಕಾರ್ನೆಲ್ ವಿಶ್ವವಿದ್ಯಾಲಯವೂ ಭಾಗಿಯಾಗಿದ್ದ ತಂಡವೊಂದು 2015ರಲ್ಲಿ ನಿಲಂಬನವನ್ನು ಒಂದು ದಿಕ್ಕಿಗೆ ತಿರುಗಿಸಿ ದಪ್ಪವಾಗಿಸಿ, ಥಟ್ಟನೆ ದಿಕ್ಕು ಬದಲಿಸಿತು. ಪ್ರತಿರೋಧ ದ್ರವಪದರದಿಂದ ಬಂದಿದ್ದರೆ ಕಣಗಳ ಜೋಡಣೆ ಬದಲಾಗದ ಆ ಮೊದಲ ಕ್ಷಣದಲ್ಲಿ ಪ್ರತಿರೋಧವೂ ಹಾಗೇ ಇರಬೇಕು. ಕಣಗಳು ಒಂದಕ್ಕೊಂದು ಒರಗಿದ್ದರಿಂದ ಬಂದಿದ್ದರೆ, ದಿಕ್ಕು ಬದಲಾದ ಕೂಡಲೇ ಅವು ಪರಸ್ಪರ ಬಿಟ್ಟುಕೊಟ್ಟು ಪ್ರತಿರೋಧ ಕುಸಿಯಬೇಕು. ಕುಸಿಯಿತು. ದ್ರವದ ಪಾಲು ಸ್ವಲ್ಪವಿದ್ದರೂ ದಪ್ಪವಾಗುವಿಕೆಗೆ ಮುಖ್ಯ ಕಾರಣ ಕಣಗಳ ನೇರ ಸ್ಪರ್ಶವೇ ಎಂದು ಇಂದು ಬಹುಪಾಲು ಸಂಶೋಧಕರು ಒಪ್ಪುತ್ತಾರೆ.

ಇದರಿಂದ ಹುಟ್ಟಿದ ಉಪಾಯಗಳಲ್ಲಿ ಒಂದು ಅಡ್ಡ ಅಲುಗಾಟ. ಹರಿವಿನ ದಿಕ್ಕಿಗೆ ಲಂಬವಾಗಿ ಮಿಶ್ರಣವನ್ನು ಸಣ್ಣದಾಗಿ ಆಡಿಸಿದರೆ ಬಲದ ಸರಪಳಿಗಳು, ಅಂದರೆ ಒಂದಕ್ಕೊಂದು ಒರಗಿ ಭಾರ ದಾಟಿಸುವ ಕಣಗಳ ಸಾಲುಗಳು, ಕಟ್ಟುವ ಮೊದಲೇ ಮುರಿಯುತ್ತವೆ; 2016ರ ಪ್ರಯೋಗಗಳಲ್ಲಿ ಸ್ನಿಗ್ಧತೆ ನೂರು ಪಟ್ಟಿನವರೆಗೆ ಇಳಿದದ್ದುಂಟು. ಕಾಂಕ್ರೀಟಿಗೆ ಬೆರೆಸುವ ಸೂಪರ್‌ಪ್ಲಾಸ್ಟಿಸೈಸರ್‌ಗಳು ರಾಸಾಯನಿಕ ದಾರಿಯಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡುತ್ತವೆ: ಸಿಮೆಂಟ್ ಕಣಗಳಿಗೆ ಪಾಲಿಮರ್ ಕೂದಲು ಹಚ್ಚಿ ಅವು ತಾಕದಂತೆ ದೂರವಿಡುತ್ತವೆ.

ಕಂಬದ ವಿವಾದ

ಕಂಬದ ಸುದ್ದಿ ಹುಟ್ಟಿದ್ದು ಕಮಾನಿನ ಕಥೆಯಿಂದ. ಹೆಲ್ಬಿಂಗ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅನುಕರಣೆಯಲ್ಲಿ, ಗಾಬರಿಯಿಂದ ನುಗ್ಗುವ ಗುಂಪು ನಿಧಾನವಾಗಿ ಸಾಗುವ ಗುಂಪಿಗಿಂತ ತಡವಾಗಿ ಹೊರಬರುತ್ತದೆ, ಬಾಗಿಲಿನ ಮುಂದೆ ತುಸು ಓರೆಯಾಗಿ ಒಂದು ಕಂಬವಿದ್ದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂದು ಕಂಡಿತು. 2011ರಲ್ಲಿ ಕಣಜದ ಗುಂಡುಗಳ ಮೇಲೆ ನಡೆದ ಪ್ರಯೋಗದಲ್ಲಿ, ಬಾಯಿಯ ಮೇಲೆ ಸರಿಯಾದ ಎತ್ತರದಲ್ಲಿಟ್ಟ ಅಡ್ಡಿ ತಡೆಯ ಸಂಭವನೀಯತೆಯನ್ನು ನೂರನೆಯ ಒಂದು ಭಾಗದಷ್ಟಕ್ಕೆ ಇಳಿಸಿತು. ಅಡ್ಡಿ ಮೇಲಿನ ಭಾರವನ್ನು ತಾನು ಹೊತ್ತುಕೊಂಡಿದ್ದರಿಂದ ಬಾಯಿಯ ಬಳಿ ಕಣಗಳು ಕಚ್ಚಿಕೊಳ್ಳುವಷ್ಟು ಒತ್ತಡ ಉಳಿಯಲಿಲ್ಲ. ಕೊಟ್ಟಿಗೆಯ ಬಾಗಿಲು ದಾಟುವ ಕುರಿ ಹಿಂಡಿನಲ್ಲೂ ಲಾಭ ಕಂಡಿತು, ಆದರೆ ಕಂಬದ ಜಾಗ ತುಸು ಬದಲಾದರೆ ಫಲವೂ ಬದಲಾಯಿತು. ಮನುಷ್ಯರನ್ನೇ ಬಾಗಿಲಿನಿಂದ ದಾಟಿಸಿದ 2018ರ ಪ್ರಯೋಗಗಳಲ್ಲಿ ಮಾತ್ರ ಕಂಬದಿಂದ ಹೊರಹರಿವು ಹೆಚ್ಚಲಿಲ್ಲ.

ಇವುಗಳಲ್ಲಿ ವಿರೋಧಾಭಾಸವಿಲ್ಲ. ಗುಂಡಿಗೆ ಕಣ್ಣಿಲ್ಲ, ಅದು ಒತ್ತಡಕ್ಕಷ್ಟೇ ಓಗೊಡುತ್ತದೆ. ಮನುಷ್ಯ ಕಂಬವನ್ನು ನೋಡಿ ದಾರಿ ಬದಲಿಸುತ್ತಾನೆ, ತನ್ನ ಮುಂದಿನವನನ್ನು ತಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾನೆ. ಕಣಜದ ಫಲಿತಾಂಶವನ್ನು ಸಭಾಂಗಣದ ಬಾಗಿಲಿಗೆ ನೇರವಾಗಿ ಅನ್ವಯಿಸಿದ ವರದಿಗಳು ಅವಸರಪಟ್ಟಿವೆ ಎಂದೇ ಹೇಳಬೇಕು.

ಕುರಿ, ಜನ, ಗುಂಡು, ನಿಲಂಬನ ಎಲ್ಲದರಲ್ಲೂ ಹೋಲುವ ಸಂಗತಿ ಬೇರೊಂದಿದೆ. ತಡೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಹಂಚಿಕೆ ಒಂದೇ ಬಗೆಯ ಘಾತ ನಿಯಮವನ್ನು ಅನುಸರಿಸುತ್ತದೆ ಎಂದು 2014ರ ಅಧ್ಯಯನ ತೋರಿಸಿತು. ಅಂದರೆ ತಡೆಯ ಅವಧಿ ಹೆಚ್ಚಿದಂತೆ ಅದರ ಸಂಭವ ಆ ಅವಧಿಯ ಒಂದು ನಿಶ್ಚಿತ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ: ಚಿಕ್ಕ ತಡೆಗಳು ಹಲವು, ದೀರ್ಘ ತಡೆಗಳು ಅಪರೂಪ. ಆದರೆ ದೀರ್ಘ ತಡೆಗಳು ಸಾಕಷ್ಟು ಅಪರೂಪವಾಗಿರದೆ ಹೋದರೆ, ಅಂದರೆ ಆ ನಿಯಮದ ಘಾತ 2ಕ್ಕಿಂತ ಕೆಳಗಿಳಿದರೆ, ಸರಾಸರಿ ಕಾಯುವ ಸಮಯಕ್ಕೆ ಅರ್ಥವೇ ಇರುವುದಿಲ್ಲ. ಎಷ್ಟು ಹೆಚ್ಚು ಕಾಲ ಅಳೆದರೂ ಸರಾಸರಿ ಏರುತ್ತಲೇ ಹೋಗುತ್ತದೆ. ಸರಾಸರಿ ಹರಿವಿನ ಲೆಕ್ಕದ ಮೇಲೆ ವಿನ್ಯಾಸ ಮಾಡುವ ಪದ್ಧತಿ ಅಲ್ಲಿಗೆ ಕುಸಿಯುತ್ತದೆ.

ಯಾರಿಗೆ ಏನು ಪರಿಣಾಮ

ಬ್ರೆಜಿಲಿನ ಬ್ರುಮಾಡಿನ್ಹೊದಲ್ಲಿ 2019ರ ಜನವರಿ 25ರಂದು ಗಣಿ ತ್ಯಾಜ್ಯದ ಕಟ್ಟೆ ಒಡೆದು 270 ಜನ ಸತ್ತ ನಂತರ, ತ್ಯಾಜ್ಯದಲ್ಲಿ ನೀರನ್ನು ಕಡಿಮೆ ಮಾಡಬೇಕೆಂಬ ಒತ್ತಾಯ ಬಲವಾಗಿದೆ. ನೀರು ಕಡಿಮೆಯಾದರೆ ರಾಶಿ ದ್ರವದಂತೆ ಹರಿದುಬರುವ ಅಪಾಯ ತಗ್ಗುತ್ತದೆ, ನೀರಿನ ಉಳಿತಾಯವೂ ಆಗುತ್ತದೆ ಎನ್ನುವುದು ಒಂದು ಪಕ್ಷ. ಅಷ್ಟು ದಟ್ಟವಾದ ತ್ಯಾಜ್ಯವನ್ನು ಸಾಮಾನ್ಯ ಪಂಪುಗಳು ತಳ್ಳಲಾರವು, ದುಬಾರಿ ಪಿಸ್ಟನ್ ಪಂಪುಗಳು ಬೇಕು, ವಿದ್ಯುತ್ ಕಡಿತದಿಂದ ಕೊಳವೆಯಲ್ಲಿ ಹರಿವು ಒಮ್ಮೆ ನಿಂತರೆ ಮತ್ತೆ ಹೊರಡಿಸುವುದೇ ಕಷ್ಟ ಎನ್ನುವುದು ಇನ್ನೊಂದು ಪಕ್ಷ. ಎರಡೂ ಸರಿಯೇ. ತ್ಯಾಜ್ಯದ ರಾಶಿ ಅಲುಗದೆ ನಿಲ್ಲಲು ಕಾರಣವಾಗುವ ಕಣಸ್ಪರ್ಶವೇ ಕೊಳವೆಯಲ್ಲಿ ಹರಿವನ್ನು ನಿಲ್ಲಿಸುತ್ತದೆ. ಕಾಂಕ್ರೀಟನ್ನು ಪದರಪದರವಾಗಿ ಮುದ್ರಿಸಿ ಮನೆ ಕಟ್ಟುವ ಯಂತ್ರಗಳದ್ದೂ ಇದೇ ಇಬ್ಬಂದಿ: ಮೂತಿಯೊಳಗೆ ಹರಿಯಬೇಕು, ಹೊರಬಿದ್ದ ಕೂಡಲೇ ನಿಲ್ಲಬೇಕು. ಗಟ್ಟಿಯಾಗಿಸುವ ರಾಸಾಯನಿಕವನ್ನು ಮೂತಿಯ ತುದಿಯಲ್ಲೇ ಬೆರೆಸುವ ವಿನ್ಯಾಸಗಳು ಬಂದಿರುವುದು ಅದಕ್ಕಾಗಿಯೇ.

ರಕ್ತದ ಘನ ಅಳತೆಯಲ್ಲಿ ಸುಮಾರು ಶೇ 45 ಕಣಗಳೇ. ಎಂಟು ಮೈಕ್ರೊಮೀಟರ್ ಅಗಲದ ಕೆಂಪು ರಕ್ತಕಣಗಳು ತಮಗಿಂತ ಕಿರಿದಾದ ಲೋಮನಾಳಗಳಲ್ಲಿ ನುಸುಳಿಹೋಗುತ್ತವೆ. ಗಟ್ಟಿ ಗುಂಡುಗಳಿಗೆ ಅದು ಸಾಧ್ಯವೇ ಇರಲಿಲ್ಲ. ಮೆದುವಾದ ಕಣ ಕಮಾನಿನಲ್ಲಿ ತನ್ನ ಪಾಲಿನ ಭಾರ ಹೊರಲಾರದು, ಆದ್ದರಿಂದ ಕಮಾನು ನಿಲ್ಲದು. ಕುಡುಗೋಲು ಕಣ ರೋಗದಲ್ಲಿ ಕಣಗಳು ಬಿರುಸಾದಾಗ ನಾಳಗಳು ಕಟ್ಟಿಕೊಂಡು ನೋವಿನ ಬಾಧೆ ಶುರುವಾಗುತ್ತದೆ.

ತಡೆಯೇ ಬೇಕಾದ ಸಂದರ್ಭಗಳೂ ಇವೆ. ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ಸ್ಫೋಟಿಸಿದ ತೈಲಬಾವಿಯ ಬಾಯಿಗೆ ಮೇ ತಿಂಗಳ ಕೊನೆಯಲ್ಲಿ ಭಾರವಾದ ಕೆಸರನ್ನೂ ರಬ್ಬರ್ ಚೂರು, ಗಾಲ್ಫ್ ಚೆಂಡುಗಳನ್ನೂ ತಳ್ಳಿ ಮುಚ್ಚಲು ಯತ್ನಿಸಲಾಯಿತು. ಮೂರೇ ದಿನಗಳಲ್ಲಿ ಆ ಯತ್ನವನ್ನು ಕೈಬಿಟ್ಟರು. ಮೇಲೇರುತ್ತಿದ್ದ ತೈಲದ ರಭಸ ಅಂದಾಜಿಗಿಂತ ಬಹಳ ಹೆಚ್ಚಿದ್ದುದರಿಂದ ಇಳಿಸಿದ್ದೆಲ್ಲ ಹೊರಗೆ ಎಸೆಯಲ್ಪಟ್ಟಿತು. ಆ ಕೆಸರಿಗೆ ಜೋಳದ ಪಿಷ್ಟ ಬೆರೆಸಿದ್ದರೆ ತೈಲದ ರಭಸವೇ ಅದನ್ನು ಗಟ್ಟಿಯಾಗಿಸಿ, ಚದುರಿಹೋಗದೆ ಕೆಳಗಿಳಿಯುವಂತೆ ಮಾಡುತ್ತಿತ್ತು ಎಂಬ ವಾದವನ್ನು ಕೆಲವು ಭೌತವಿಜ್ಞಾನಿಗಳು ಮರುವರ್ಷ, ಒಂದು ಗಾಜಿನ ಕೊಳವೆಯಷ್ಟು ಅಳತೆಯ ಪ್ರಯೋಗದ ಆಧಾರದ ಮೇಲೆ ಮಂಡಿಸಿದರು.